ಚೀಟಿ ಇಲ್ಲದ ಕಲ್ಲು

2024ರ ನವೆಂಬರ್‌ನಲ್ಲಿ ಗದಗ ತಾಲ್ಲೂಕಿನ ಲಕ್ಕುಂಡಿಯಲ್ಲಿ ನಡೆದ ಪ್ರಾಚ್ಯಾವಶೇಷ ಅನ್ವೇಷಣೆಯ ಸುದ್ದಿ ಅನೇಕರ ನೆನಪಿನಲ್ಲಿರಬಹುದು. ಅಧಿಕಾರಿಗಳು, ಇತಿಹಾಸ ಬಲ್ಲವರು, ಊರಿನ ಹಿರಿಯರು ಒಟ್ಟಾಗಿ ಓಣಿ ಓಣಿ ಸುತ್ತಿದರು. ತಲೆತಲಾಂತರದಿಂದ ಹಿತ್ತಲಲ್ಲಿ, ಬಾವಿಕಟ್ಟೆಯಲ್ಲಿ, ಗೋಡೆಯ ಸಂದಿನಲ್ಲಿ, ಹೊಲದ ಬದುವಿನಲ್ಲಿ ಉಳಿದಿದ್ದ ಶಿಲ್ಪಗಳು, ಶಾಸನದ ತುಂಡುಗಳು, ಕಂಬದ ಭಾಗಗಳು ಹೊರಬಂದವು. ಜನ ತಾವಾಗಿಯೇ ಮನೆಯಲ್ಲಿದ್ದದ್ದನ್ನು ತಂದುಕೊಟ್ಟರು. ಒಂದೇ ದಿನದಲ್ಲಿ ಸಿಕ್ಕ ವಸ್ತುಗಳು ಸಾವಿರಕ್ಕೂ ಹೆಚ್ಚು. 2025ರ ಜೂನ್‌ನಲ್ಲಿ ಅಲ್ಲಿ ಉತ್ಖನನಕ್ಕೂ ಬಯಲು ವಸ್ತುಸಂಗ್ರಹಾಲಯಕ್ಕೂ ಚಾಲನೆ ದೊರೆಯಿತು. 2026ರ ಜನವರಿಯಲ್ಲಿ ಮನೆಯ ಪಾಯ ತೋಡುವಾಗ ಚಿನ್ನದ ಒಡವೆಗಳಿದ್ದ ತಾಮ್ರದ ತಂಬಿಗೆ ಸಿಕ್ಕಿದಾಗ, ಆ ಕುಟುಂಬ ಅದನ್ನು ಮುಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಿತು. ಇಡೀ ನಾಡು ಆ ಮನೆಯವರ ಪ್ರಾಮಾಣಿಕತೆಗೆ ತಲೆಬಾಗಿತು.

ಜನ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಇನ್ನು ಉಳಿದಿರುವುದು ಸಂಗ್ರಹಿಸಿದವರ ಕೆಲಸ. ಅದು ಗಾಜಿನ ಪೆಟ್ಟಿಗೆ ಮಾಡಿಸಿ, ದೀಪ ಹಾಕಿ, ಉದ್ಘಾಟನೆಯ ಫಲಕ ನೆಟ್ಟರೆ ಮುಗಿಯುವಂಥದ್ದಲ್ಲ. ಒಂದು ಕಲ್ಲು ಹಿತ್ತಲಿನಿಂದ ಎದ್ದು ಉಗ್ರಾಣ ಸೇರಿದ ಕ್ಷಣದಲ್ಲೇ ಅದರ ಅರ್ಧ ಚರಿತ್ರೆ ಅಪಾಯಕ್ಕೆ ಸಿಲುಕುತ್ತದೆ. ಅದು ಯಾವ ಓಣಿಯಲ್ಲಿತ್ತು, ಯಾವ ಗುಡಿಯ ಪಕ್ಕ, ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ, ಜೊತೆಯಲ್ಲಿ ಇನ್ನೇನಿತ್ತು, ಅದರ ಬಗ್ಗೆ ಆ ಮನೆಯ ಅಜ್ಜಿ ಏನು ಹೇಳುತ್ತಿದ್ದರು ಎಂಬ ಮಾಹಿತಿಯನ್ನು ಅವತ್ತೇ ಒಂದು ಚೀಟಿಯಲ್ಲಿ ಬರೆಯದಿದ್ದರೆ ಆಮೇಲೆ ಯಾವ ಪಂಡಿತನೂ ಅದನ್ನು ಮರಳಿ ಕೊಡಲಾರ. ಚೀಟಿ ಇದ್ದ ಕಲ್ಲು ಸಾಕ್ಷಿಯಾಗುತ್ತದೆ. ಚೀಟಿ ಇಲ್ಲದ ಕಲ್ಲು ಚಂದದ ಕಲ್ಲಾಗಿಯಷ್ಟೇ ಉಳಿಯುತ್ತದೆ.

ಈ ಮಾತನ್ನು ಗದಗ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರೆದಿಡುವುದರ ಬೆಲೆಯನ್ನು ದೇಶಕ್ಕೇ ತೋರಿಸಿಕೊಟ್ಟ ಊರು ಇದೇ ತಾಲ್ಲೂಕಿನ ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕಣಗಿನಹಾಳದ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಸಂಘಗಳಲ್ಲಿ ಅದೂ ಒಂದು. ಸಾಹುಕಾರರ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ಒಕ್ಕಲಿಗರು ತಮ್ಮ ಚಿಕ್ಕ ಚಿಕ್ಕ ಉಳಿತಾಯಗಳನ್ನು ಒಂದೆಡೆ ಸೇರಿಸಿ, ಪರಸ್ಪರರಿಗೆ ಆಧಾರವಾದರು. ಆ ನಂಬಿಕೆ ನಿಂತಿದ್ದು ಕಿರ್ದಿ, ಖತಾವಣಿಗಳ ಮೇಲೆ. ಯಾರು ಎಷ್ಟು ಇಟ್ಟರು, ಯಾವ ದಿನ ಇಟ್ಟರು, ಯಾರು ಎಷ್ಟು ಒಯ್ದರು ಎಂಬುದು ಶಾಯಿಯಲ್ಲಿ ಬರೆದಿದ್ದರಿಂದಲೇ ಬಡವನ ಒಂದು ರೂಪಾಯಿಯೂ ಭದ್ರವಾಗಿತ್ತು.

ವಸ್ತುಸಂಗ್ರಹಾಲಯವೂ ಇಂಥದ್ದೇ ಒಂದು ಪತ್ತಿನ ಸಂಘ. ಇಲ್ಲಿ ಠೇವಣಿ ಇಡುವವರು ಊರಿನವರು, ಇಡುವುದು ಹಣವಲ್ಲ, ನೆಲದ ನೆನಪು. ಅದರ ಮೇಲೆ ಸಿಗುವ ಬಡ್ಡಿಯೇ ಸಂಶೋಧನೆ. ಹುಟ್ಟದೇ ಇರುವ ಮೊಮ್ಮಕ್ಕಳಿಗೂ ಇಲ್ಲಿ ಷೇರು ಇದೆ. ಖತಾವಣಿ ಇಲ್ಲದ ಸಂಘಕ್ಕೆ ಯಾರೂ ಹಣ ಕೊಡರು, ದಾಖಲೆ ಪುಸ್ತಕವಿಲ್ಲದ ಮ್ಯೂಸಿಯಂಗೂ ಯಾರೂ ತಮ್ಮ ಮನೆಯ ಕಲ್ಲು ಕೊಡಬಾರದು.

ನಮ್ಮಲ್ಲಿ ಮ್ಯೂಸಿಯಂ ಎಂದರೆ ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಡೆದು ನೋಡಿ ಬರುವ ಜಾಗ. ಆದರೆ ಜನ ನೋಡುವ ಅಂಗಳ ಅದರ ಅತಿ ಸಣ್ಣ ಭಾಗ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸುಮಾರು 8 ಕೋಟಿ ಮಾದರಿಗಳಿವೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ನಿಸರ್ಗ ಚರಿತ್ರೆಯ ಮ್ಯೂಸಿಯಂನಲ್ಲಿ 14 ಕೋಟಿಗೂ ಹೆಚ್ಚು. ಇದರಲ್ಲಿ ಪ್ರದರ್ಶನಕ್ಕೆ ಬರುವುದು ಶೇಕಡಾ ಒಂದರಷ್ಟೂ ಇಲ್ಲ. ಉಳಿದದ್ದೆಲ್ಲ ಒಳಕೋಣೆಗಳ ಖಾನೆಗಳಲ್ಲಿ, ಸೀಸೆಗಳಲ್ಲಿ, ಹಾಳೆಗಳಲ್ಲಿ ಇರುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೆ ಪುಸ್ತಕದಲ್ಲಿ ಒಂದು ಸಾಲು, ಆ ಸಾಲಿನಲ್ಲಿ ಊರು, ತಾರೀಖು, ತಂದವರ ಹೆಸರು. ವಿದ್ವಾಂಸರು ಹುಡುಕಿಕೊಂಡು ಬರುವುದು ಆ ಒಳಕೋಣೆಗೆ.

ನಮ್ಮ ದೇಶದಲ್ಲೂ ಈ ಪರಂಪರೆ ಹೊಸದೇನಲ್ಲ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಶುರುವಾದದ್ದು 1814ರಲ್ಲಿ. ಅಲ್ಲಿ ಶಿಲ್ಪದ ಪಕ್ಕದಲ್ಲೇ ಪ್ರಾಣಿಗಳ ಎಲುಬು, ಕಲ್ಲು, ಗಿಡ ಎಲ್ಲಕ್ಕೂ ವಿಭಾಗಗಳಿದ್ದವು. ಅದರ ಪ್ರಾಣಿ ವಿಭಾಗವೇ ಬೆಳೆದು 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಾಯಿತು. 1851ರಲ್ಲಿ ಮದ್ರಾಸ್ ಮ್ಯೂಸಿಯಂ ಕಟ್ಟಿದ ವೈದ್ಯ ಎಡ್ವರ್ಡ್ ಬಾಲ್ಫೋರ್ ಅವರ ಒತ್ತಾಸೆಯಿಂದಲೇ 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವೂ ಹುಟ್ಟಿತು. ಅಲ್ಲಿರುವ ಆತಕೂರಿನ ಕಲ್ಲನ್ನು ನೋಡಿದವರು ಮರೆಯಲಾರರು. ಹತ್ತನೆಯ ಶತಮಾನದ ತಕ್ಕೋಲದ ಯುದ್ಧದ ಸುದ್ದಿ ಹೇಳುವ ಆ ಕಲ್ಲೇ ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ ಸತ್ತದ್ದನ್ನೂ ಹೇಳುತ್ತದೆ. ರಾಜರ ಚರಿತ್ರೆ, ಭಾಷೆಯ ಚರಿತ್ರೆ, ಕಾಡುಪ್ರಾಣಿ ಮತ್ತು ಸಾಕುಪ್ರಾಣಿಗಳ ಚರಿತ್ರೆ ಒಂದೇ ಕಲ್ಲಿನಲ್ಲಿ ಸೇರಿಕೊಂಡಿವೆ.

ಚೀಟಿಯ ಬಲ ಎಂಥದ್ದು ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಓಡಾಡಿದ ಒಬ್ಬ ವ್ಯಕ್ತಿಯ ಕೆಲಸ ಉದಾಹರಣೆ. ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಅಧಿಕಾರಿ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಮನುಷ್ಯನ ಕಲ್ಲಿನ ಆಯುಧ ಗುರುತಿಸಿ, ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಬಾಗಿಲು ತೆರೆದವರು. ಆಮೇಲೆ ಅವರು ಮಲಪ್ರಭಾ ಕಣಿವೆ, ಬಳ್ಳಾರಿ ಸೀಮೆ, ಧಾರವಾಡದ ಗುಡ್ಡಗಳಲ್ಲೆಲ್ಲ ತಿರುಗಿದರು. ಕಪ್ಪತಗುಡ್ಡದ ಸಾಲನ್ನು ಆಗ ಡಂಬಳದ ಗುಡ್ಡಗಳು ಎನ್ನುತ್ತಿದ್ದರು. ಅಲ್ಲಿನ ಚಿನ್ನದ ಅಂಶವುಳ್ಳ ಶಿಲೆಗಳ ಬಗ್ಗೆ ಅವರು 1874ರಲ್ಲೇ ವರದಿ ಪ್ರಕಟಿಸಿದರು. 1880ರ ದಶಕದಲ್ಲಿ ಅವರೇ ಈ ಬಗೆಯ ಪ್ರಾಚೀನ ಶಿಲಾಸ್ತರಗಳಿಗೆ ಧಾರವಾಡದ ಹೆಸರಿಟ್ಟರು. ಇವತ್ತಿಗೂ ಭಾರತದ ಭೂವಿಜ್ಞಾನ ಓದುವ ಯಾವುದೇ ವಿದ್ಯಾರ್ಥಿ ಧಾರವಾಡದ ಹೆಸರು ಓದಿಯೇ ಮುಂದೆ ಹೋಗುತ್ತಾನೆ.

ಫೂಟ್ ಕೂಡಿಸಿದ ಕಲ್ಲಿನ ಆಯುಧಗಳನ್ನು 1904ರಲ್ಲಿ ಮದ್ರಾಸ್ ಸರ್ಕಾರ ಕೊಂಡುಕೊಂಡಿತು. ಅವರು 1912ರಲ್ಲಿ ತೀರಿಕೊಂಡರು. ಅವರೇ ಸಿದ್ಧಪಡಿಸಿದ ಪಟ್ಟಿ 1914ರಲ್ಲಿ ಅಚ್ಚಾಯಿತು. ಯಾವ ಆಯುಧ ಯಾವ ಊರಿನ ಯಾವ ದಿಬ್ಬದ ಮೇಲೆ ಸಿಕ್ಕಿತು ಎಂದು ತುಂಡು ತುಂಡಿಗೂ ಲೆಕ್ಕವಿರುವ ಪಟ್ಟಿ ಅದು. ಆ ಶಿಸ್ತಿನ ಫಲ ಶತಮಾನ ದಾಟಿದ ಮೇಲೆ ಬಂತು. 1863ರಲ್ಲಿ ಫೂಟ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ಕಿಂಗ್ ಗುರುತಿಸಿದ್ದ ಚೆನ್ನೈ ಬಳಿಯ ಅತ್ತಿರಂಪಾಕ್ಕಂಗೆ ಪುರಾತತ್ವ ವಿದ್ವಾಂಸೆ ಶಾಂತಿ ಪಪ್ಪು ಮತ್ತು ತಂಡದವರು ಮರಳಿ ಹೋಗಿ ಅಗೆದರು. ಅಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವು ಎಂಬುದು 2011ರಲ್ಲಿ ಪ್ರಕಟವಾಯಿತು. ಫೂಟ್ ಕಾಲದಲ್ಲಿ ಕಾಲಮಾನ ಅಳೆಯುವ ಅಂಥ ವಿಧಾನವೇ ಇರಲಿಲ್ಲ. ಅವರು ಕಲ್ಲು ಸಿಕ್ಕ ಜಾಗವನ್ನು ಸರಿಯಾಗಿ ಬರೆದಿಟ್ಟಿದ್ದರು. ಮುಂದಿನವರು ಹೊಸ ವಿಧಾನದೊಡನೆ ಅದೇ ಜಾಗಕ್ಕೆ ಹೋಗಲು ಅದು ಸಾಕಾಯಿತು. ಬಳ್ಳಾರಿಯಲ್ಲಿ ಈಗ ಸಂಗನಕಲ್ಲಿನ ಪ್ರಾಗಿತಿಹಾಸಕ್ಕೆ ಮೀಸಲಾದ ಮ್ಯೂಸಿಯಂ ಫೂಟ್ ಹೆಸರಿನಲ್ಲೇ ಇದೆ.

ಇನ್ನು ಶಾಸನಗಳ ಸಂಗತಿ. ಗದಗ, ಲಕ್ಕುಂಡಿ, ಡಂಬಳ, ಮುಳಗುಂದ, ಲಕ್ಷ್ಮೇಶ್ವರ ಎಂದರೆ ಶಾಸನಗಳ ಗಣಿ. 1820ರ ದಶಕದಲ್ಲಿ ಧಾರವಾಡಕ್ಕೆ ಬಂದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಈ ಭಾಗದ ಶಾಸನಗಳನ್ನು ಪ್ರತಿ ಮಾಡಿಸಲು ತೊಡಗಿ, ಐನೂರಕ್ಕೂ ಹೆಚ್ಚು ಪಾಠಗಳನ್ನು ಕೂಡಿಸಿದರು. ಮುಂದೆ ಜೆ. ಎಫ್. ಫ್ಲೀಟ್ ಅವರಂಥವರು ಚಾಲುಕ್ಯರ, ರಾಷ್ಟ್ರಕೂಟರ ಚರಿತ್ರೆ ಕಟ್ಟಲು ಇಂಥ ಪ್ರತಿಗಳೇ ನೆರವಾದವು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ, ಆರ್. ಎಸ್. ಪಂಚಮುಖಿ ಅವರ ನೇತೃತ್ವದಲ್ಲಿ ಶಾಸನ, ತಾಮ್ರಪಟ, ತಾಡೋಲೆ, ಶಿಲ್ಪಗಳನ್ನು ಕೂಡಿಸುವ ಮತ್ತು ಪ್ರಕಟಿಸುವ ಕೆಲಸ ಕ್ರಮಬದ್ಧವಾಯಿತು. ಕಲ್ಲಿಗೆ ಒದ್ದೆ ಕಾಗದ ಮೆತ್ತಿ, ಕುಂಚದಿಂದ ಬಡಿದು, ಮಸಿ ಸವರಿ ತೆಗೆದ ಒಂದು ಅಚ್ಚು ಎಷ್ಟೋ ಸಲ ಮೂಲ ಕಲ್ಲಿಗಿಂತ ಹೆಚ್ಚು ಬಾಳುತ್ತದೆ. ಕಲ್ಲು ಒಡೆದು ಗೋಡೆ ಸೇರಿದರೂ ಅಚ್ಚಿನಲ್ಲಿ ಅಕ್ಷರ ಉಳಿಯುತ್ತದೆ.

ಲಕ್ಕುಂಡಿಯ ಬ್ರಹ್ಮಜಿನಾಲಯದ 1007ರ ಶಾಸನ ಇಲ್ಲದಿದ್ದರೆ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾವು ಕಾವ್ಯದ ಮೂಲಕ ಮಾತ್ರ ತಿಳಿಯಬೇಕಿತ್ತು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಆ ತಾಯಿ ಸಂಗ್ರಹ ಮತ್ತು ಪ್ರತಿಯ ಮಹತ್ವವನ್ನು ಸಾವಿರ ವರ್ಷದ ಹಿಂದೆಯೇ ಬಲ್ಲವಳು. ಡಂಬಳದ 1095ರ ಶಾಸನ ಇನ್ನೊಂದು ಅಚ್ಚರಿ. ಧರ್ಮವೊಳಲ್ ಎಂದು ಕರೆಯುತ್ತಿದ್ದ ಆ ಊರಿನಲ್ಲಿ 16 ಮಂದಿ ಸೆಟ್ಟಿಗಳು ಕೂಡಿ ಬೌದ್ಧ ವಿಹಾರ ಕಟ್ಟಿಸಿದ್ದನ್ನೂ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ತಾರಾದೇವಿಯ ವಿಹಾರ ಕಟ್ಟಿಸಿದ್ದನ್ನೂ ಅದು ಹೇಳುತ್ತದೆ. ಬುದ್ಧ, ಜಿನ, ಶಿವ ಒಂದೇ ಸೀಮೆಯಲ್ಲಿ ಬಾಳಿದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಮನುಷ್ಯನ ಕೈಕೆಲಸದ ಮಾತು. ಲಕ್ಕುಂಡಿಯ ಮ್ಯೂಸಿಯಂ ಎಂದೊಡನೆ ನಮ್ಮ ಕಣ್ಣಿಗೆ ಬರುವುದೂ ಶಿಲ್ಪಗಳೇ. ಆದರೆ ಆ ಶಿಲ್ಪಗಳ ಕಲ್ಲು ಯಾವುದು? ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲು ಕಡೆದ ಪರಂಪರೆಯ ಶಿಲ್ಪಿಗಳು ಹನ್ನೊಂದನೆಯ ಶತಮಾನದ ಹೊತ್ತಿಗೆ ಮೆದುವಾದ ಬಳಪದ ಕಲ್ಲಿಗೆ ಕೈಹಾಕಿದರು. ಸುಮಾರು 1050ರ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಈ ಬದಲಾವಣೆಯ ಮೊದಲ ಗುರುತೆಂದು ಹೇಳುವುದುಂಟು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲು ಬಂದದ್ದರಿಂದಲೇ ಲಕ್ಕುಂಡಿಯ ಕಾಶಿವಿಶ್ವೇಶ್ವರನ ಬಾಗಿಲುವಾಡದಲ್ಲಿ, ಗದಗಿನ ತ್ರಿಕೂಟೇಶ್ವರದ ಕಂಬಗಳಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಮುಂದೆ ಹೊಯ್ಸಳರು ಇದೇ ದಾರಿ ಹಿಡಿದರು. ಹಾಗಾದರೆ ಗುಡಿಯ ಚರಿತ್ರೆಯ ಮೊದಲ ಅಧ್ಯಾಯ ಇರುವುದು ನೆಲದೊಳಗಿನ ಶಿಲಾಪದರದಲ್ಲಿ. ಶಿಲ್ಪವನ್ನು ಒಂದು ಕಟ್ಟಡದಲ್ಲಿ, ಶಿಲೆಯನ್ನು ಇನ್ನೊಂದು ಊರಿನಲ್ಲಿ ಇಟ್ಟರೆ ಈ ಕಥೆ ಎರಡು ತುಂಡಾಗುತ್ತದೆ.

ಚಿನ್ನದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು. ಲೊಕ್ಕಿಗದ್ಯಾಣ ಎಂಬ ಚಿನ್ನದ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಅಲ್ಲಿಂದ ಕಣ್ಣಳತೆಯ ದೂರದಲ್ಲಿ ಕಪ್ಪತಗುಡ್ಡ. ಸೊರಟೂರಿನ ಹಳ್ಳದ ಮರಳು ಜಾಲಾಡಿ ಚಿನ್ನದ ಕಣ ತೆಗೆಯುತ್ತಿದ್ದ ಜಾಲಗಾರರ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ಉಲ್ಲೇಖವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಇಲ್ಲಿ ಗಣಿಯನ್ನೂ ತೋಡಿದ್ದವು. ಲೊಕ್ಕಿಗದ್ಯಾಣದ ಚಿನ್ನ ಈ ಹಳ್ಳಗಳದ್ದೇ? ಈಗ ಸಿಕ್ಕಿರುವ ಒಡವೆಗಳ ಚಿನ್ನ ಎಲ್ಲಿಯದು? ಒಂದೊಂದು ಪ್ರದೇಶದ ಚಿನ್ನದಲ್ಲಿ ಬೆಳ್ಳಿ, ತಾಮ್ರ ಮುಂತಾದ ಲೋಹಗಳ ಪ್ರಮಾಣ ಬೇರೆ ಬೇರೆ ಇರುತ್ತದೆ. ನಾಣ್ಯಕ್ಕೆ ಸ್ವಲ್ಪವೂ ಧಕ್ಕೆ ಮಾಡದೆ ಕ್ಷ-ಕಿರಣದಿಂದ ಅದನ್ನು ಅಳೆಯುವ ಉಪಕರಣಗಳು ಈಗಿವೆ. ಕರಗಿಸಿ ಬೆರೆಸಿದ ಚಿನ್ನದಲ್ಲಿ ಉತ್ತರ ಸುಲಭವಾಗಿ ಸಿಗದಿದ್ದರೂ ಕೇಳಬೇಕಾದ ಪ್ರಶ್ನೆ ಇದು. ಕೇಳಬೇಕೆಂದರೆ ನಾಣ್ಯ, ಒಡವೆ, ಹಳ್ಳದ ಮರಳು, ಗುಡ್ಡದ ಬೆಣಚುಕಲ್ಲಿನ ಮಾದರಿ, ಜಾಲಗಾರರ ಮರಿಗೆ, ಅವರ ಮನೆತನಗಳ ನೆನಪು ಎಲ್ಲವೂ ಒಂದೇ ದಾಖಲೆ ಪುಸ್ತಕದಲ್ಲಿ ಬರಬೇಕು. ಒಡವೆಯ ತೂಕ ಎಷ್ಟೆಂಬುದು ಒಂದೇ ದಿನದಲ್ಲಿ ನಾಡಿಗೆಲ್ಲ ಗೊತ್ತಾಯಿತು. ಅದು ನೆಲದ ಯಾವ ಪದರದಲ್ಲಿತ್ತು ಎಂಬುದಕ್ಕೂ ಅಷ್ಟೇ ಕುತೂಹಲ ಹುಟ್ಟಬೇಕು.

ಕಪ್ಪತಗುಡ್ಡದಲ್ಲಿ ಕಲ್ಲಷ್ಟೇ ಇಲ್ಲ. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಚಾಚಿದ ಈ ಸಾಲು ಔಷಧಿ ಗಿಡಗಳಿಗೆ ಹೆಸರಾದದ್ದು. ಗಣಿಗಾರಿಕೆಯ ಭಯ ಬಂದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ರೈತರು, ವಿದ್ಯಾರ್ಥಿಗಳು, ಪರಿಸರದ ಕಾಳಜಿಯುಳ್ಳವರು ಜೊತೆಗೂಡಿದರು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆಗಳಿಗೆ ಅದು ಆಸರೆ. ಗುಡ್ಡ ಉಳಿಯಿತು. ಅದರ ಗಿಡಗಳ ತಿಳಿವಳಿಕೆ ಉಳಿಯಬೇಕಾದರೆ ಮತ್ತೆ ಚೀಟಿಯೇ ಬೇಕು.

ಗಿಡದ ದಾಖಲೆ ಮಾಡುವ ರೀತಿ ಸರಳ. ಹೂವು ಅಥವಾ ಕಾಯಿ ಇರುವ ಒಂದು ಟೊಂಗೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಚೀಟಿ ಅಂಟಿಸುವುದು. ಇಂಥ ಹಾಳೆಗಳ ಭಂಡಾರವೇ ಹರ್ಬೇರಿಯಂ. ಬೆಂಗಳೂರಿನ ಪಾದ್ರಿ ಸೆಸಿಲ್ ಸಲ್ದಾನ ಅವರು ಸ್ಮಿತ್ಸೋನಿಯನ್‌ನ ಡಾನ್ ನಿಕೋಲ್ಸನ್ ಜೊತೆ ಸೇರಿ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗಳ ಬೃಹತ್ ಗ್ರಂಥದ ಆಧಾರ ಇಂಥ ಹಾಳೆಗಳೇ. ಸಸ್ಯಶಾಸ್ತ್ರಜ್ಞರು ಬರೆದ ಲ್ಯಾಟಿನ್ ಹೆಸರಿನ ಕೆಳಗೆ ಕಪ್ಪತಗುಡ್ಡದ ತಾಂಡಾದ, ಹಳ್ಳಿಯ ನಾಟಿ ವೈದ್ಯರು ಕರೆಯುವ ಹೆಸರು, ಬೇರಿನ ಉಪಯೋಗ, ಕೀಳುವ ಕಾಲ ಎಲ್ಲವನ್ನೂ ಬರೆದರೆ ಒಂದೇ ಹಾಳೆ ನಿಸರ್ಗದ ದಾಖಲೆಯೂ ಹೌದು, ಸಂಸ್ಕೃತಿಯ ದಾಖಲೆಯೂ ಹೌದು. ಅದೇ ಗಿಡ ಅದೇ ಜಾಗದಲ್ಲಿ ಮುಂದೆ ಯಾವಾಗ ಹೂ ಬಿಡುತ್ತದೆ ಎಂದು ಹೋಲಿಸಿ ನೋಡಿದಾಗ ಹವಾಮಾನ ಬದಲಾದದ್ದೂ ಅದರಲ್ಲೇ ತಿಳಿಯುತ್ತದೆ.

ಪ್ರಾಣಿಗಳ ವಿಷಯದಲ್ಲಿ ನಮ್ಮ ಸೀಮೆಯ ಹಳೆಯ ದಾಖಲೆ ದೂರದ ಊರುಗಳಲ್ಲಿದೆ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ದೇಶದ ಸಸ್ತನಿಗಳ ಸಮೀಕ್ಷೆ ಆರಂಭಿಸಿತು. ಆಗ ಗದಗವೂ ಸೇರಿದ್ದ ಧಾರವಾಡ ಜಿಲ್ಲೆ ಅದರ ಮೊದಲ ಕ್ಷೇತ್ರಗಳಲ್ಲಿ ಒಂದು. ಜಿ. ಸಿ. ಶಾರ್ಟ್ರಿಜ್ ಎಂಬ ಸಂಗ್ರಾಹಕ ಇಲ್ಲಿ ತಿರುಗಿ ಇಲಿ, ಅಳಿಲು, ಬಾವಲಿಗಳಂಥ ಚಿಕ್ಕ ಪ್ರಾಣಿಗಳ ಚರ್ಮ ಮತ್ತು ತಲೆಬುರುಡೆಗಳನ್ನು ಕೂಡಿಸಿದರು. ಆ ಸಮೀಕ್ಷೆಯ ಮಾದರಿಗಳು ಮುಂಬೈ ಮತ್ತು ಲಂಡನ್ ಸೇರಿದವು. ನೂರು ವರ್ಷದ ಹಿಂದೆ ನಮ್ಮ ಎರೆಹೊಲಗಳಲ್ಲಿ ಯಾವ ಇಲಿ ಇತ್ತು ಎಂದು ತಿಳಿಯಲು ಈಗ ಅಲ್ಲಿಗೇ ಹೋಗಬೇಕು.

ಇಲಿಯ ಚರ್ಮ ಇಟ್ಟುಕೊಂಡು ಏನು ಪ್ರಯೋಜನ ಎಂದು ಕೇಳುವವರಿಗೆ ಉತ್ತರವಿದೆ. 1993ರಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರು ಕಟ್ಟಿ ಸಾಯತೊಡಗಿದರು. ಕಾರಣ ಇಲಿಗಳಿಂದ ಬಂದ ಹಂಟಾ ವೈರಸ್ ಎಂದು ಗೊತ್ತಾಯಿತು. ಇದು ಹೊಸದಾಗಿ ಬಂದದ್ದೇ, ಮೊದಲಿನಿಂದ ಇದ್ದದ್ದೇ ಎಂಬುದು ಮುಂದಿನ ಪ್ರಶ್ನೆ. ಅಲ್ಲಿನ ಮ್ಯೂಸಿಯಂಗಳು ಹಿಂದಿನ ವರ್ಷಗಳಲ್ಲಿ ಶೈತ್ಯಾಗಾರದಲ್ಲಿ ಉಳಿಸಿದ್ದ ಇಲಿಗಳ ಅಂಗಾಂಶ ಪರೀಕ್ಷಿಸಿದಾಗ ವೈರಸ್ ಮೊದಲೇ ಇತ್ತೆಂದು ತಿಳಿಯಿತು. ಹಾಗೆಯೇ ಬ್ರಿಟನ್ನಿನಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಸಂಗ್ರಹಗಳಲ್ಲಿದ್ದ ಹಳೆಯ ಗಿಡುಗದ ಮೊಟ್ಟೆಗಳ ಚಿಪ್ಪನ್ನು ಹೊಸವುಗಳೊಡನೆ ಹೋಲಿಸಿ, 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿರುವುದನ್ನು 1967ರಲ್ಲಿ ತೋರಿಸಿದರು. ಡಿಡಿಟಿ ಎಂಬ ಕೀಟನಾಶಕ ಬಳಕೆಗೆ ಬಂದದ್ದೂ ಆಗಲೇ. ಆ ಪುಡಿಯ ವಿರುದ್ಧದ ದೊಡ್ಡ ಸಾಕ್ಷಿ ಹಳೆಯ ಮೊಟ್ಟೆಯ ಚಿಪ್ಪಿನಲ್ಲಿತ್ತು. ಮೊಟ್ಟೆ ಕೂಡಿಸಿದವರಿಗೆ ಡಿಡಿಟಿಯ ಹೆಸರೂ ಗೊತ್ತಿರಲಿಲ್ಲ. ಸಂಗ್ರಹದ ಗುಣವೇ ಇದು. ಇವತ್ತು ಯಾರೂ ಕೇಳದ ಪ್ರಶ್ನೆಗೆ ಅದು ನಾಳೆ ಉತ್ತರ ಕೊಡುತ್ತದೆ.

ನಮ್ಮ ಸೀಮೆಗೆ ಇಂಥ ಪ್ರಶ್ನೆಗಳು ಎದುರಾಗುವುದು ಖಂಡಿತ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟುವಾಗ ಈ ಹಕ್ಕಿಗಳು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಸುಮಾರು 50 ಹೆಕ್ಟೇರಿನ ಈ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸುತ್ತಲಿನ ಹೊಲಗಳಲ್ಲಿ ಮೇಯುವ ಆ ಹಕ್ಕಿಗಳ ಆಹಾರ, ರೋಗ, ಹೊಲಕ್ಕೆ ಹೊಡೆಯುವ ಔಷಧಿಯ ಪರಿಣಾಮ ತಿಳಿಯಲು ವರ್ಷ ವರ್ಷದ ದಾಖಲೆ ಬೇಕು. ಸಹಜವಾಗಿ ಸತ್ತ ಒಂದು ಹೆಬ್ಬಾತಿನ ಗರಿಯೂ ಅರಣ್ಯ ಇಲಾಖೆಯ ಮೂಲಕ ಸರಿಯಾದ ಭಂಡಾರ ಸೇರಿದರೆ ಅದು ವಿಜ್ಞಾನದ ಆಸ್ತಿ. ಇದೇ ಎರೆಭೂಮಿಯಲ್ಲಿ ಹಿಂದೆ ತಿರುಗುತ್ತಿದ್ದ ಎರೆಭೂತ ಪಕ್ಷಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಕರ್ನಾಟಕದಲ್ಲಿ ಉಳಿದಿರುವುದು ಸಿರುಗುಪ್ಪದ ಸುತ್ತ, ಬೆರಳೆಣಿಕೆಯಷ್ಟು. ಅದು ಯಾವ ಯಾವ ಊರಿನ ಹೊಲದಲ್ಲಿತ್ತು ಎಂದು ಹೇಳಬಲ್ಲ ಹಿರಿಯರ ಮಾತನ್ನಾದರೂ ಈಗಲೇ ಬರೆದುಕೊಳ್ಳಬೇಡವೇ?

ಕೂಡಿಸಿದ್ದು ತಾನಾಗಿ ಉಳಿಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಚರಿತ್ರೆಯ ಮ್ಯೂಸಿಯಂ ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ 200 ವರ್ಷದ ರಾಷ್ಟ್ರೀಯ ಮ್ಯೂಸಿಯಂ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಅಲ್ಲಿದ್ದದ್ದು ಸುಮಾರು 2 ಕೋಟಿ ವಸ್ತುಗಳು. ಮತ್ತೆಂದೂ ಯಾರೂ ಆಡದ ಭಾಷೆಗಳ ದಾಖಲೆಗಳೂ ಅದರೊಡನೆ ಹೋದವು. ಬೆಂಕಿ ಎಲ್ಲರಿಗೂ ಕಾಣುತ್ತದೆ. ಕಾಣದ ನಷ್ಟ ಇನ್ನೂ ದೊಡ್ಡದು. ಗೆದ್ದಲು, ತೇವ, ಮಾಸಿಹೋದ ಸಂಖ್ಯೆ, ವರ್ಗಾವಣೆಯಾದ ಸಿಬ್ಬಂದಿಯೊಂದಿಗೇ ಹೊರಟುಹೋದ ಮಾಹಿತಿ, ವರ್ಷಗಟ್ಟಲೆ ತುಂಬದೆ ಉಳಿದ ಹುದ್ದೆ ಇವು ಸದ್ದಿಲ್ಲದೆ ಸಂಗ್ರಹವನ್ನು ಕೊಲ್ಲುತ್ತವೆ. ಕಟ್ಟಡಕ್ಕೆ ಕೋಟಿಗಳನ್ನು ಕೊಟ್ಟು ದಾಖಲೆ ಬರೆಯುವವನ ಸಂಬಳಕ್ಕೆ ಹಿಂದೆಮುಂದೆ ನೋಡುವ ಯೋಜನೆ ಮ್ಯೂಸಿಯಂ ಅನ್ನು ಉಳಿಸಲಾರದು.

ಎಲ್ಲವನ್ನೂ ಊರಿನಿಂದ ಎತ್ತಿಕೊಂಡು ಹೋಗಬೇಕೆಂದು ಇದರ ಅರ್ಥವಲ್ಲ. ಜನ ಎಣ್ಣೆ ಹಚ್ಚಿ, ಕುಂಕುಮವಿಟ್ಟು ಪೂಜಿಸುವ ವೀರಗಲ್ಲು ಅದರ ಜಾಗದಲ್ಲೇ ಜೀವಂತವಾಗಿದೆ. ಅದು ಅಲ್ಲೇ ಇರಲಿ. ಅದರ ಅಳತೆ, ಫೋಟೊ, ಅಚ್ಚು, ಪೂಜೆಯ ಕಥೆ ಮಾತ್ರ ದಾಖಲೆಗೆ ಬರಲಿ. ಕೊಟ್ಟ ಮನೆಯವರ ಹೆಸರು ಅವರು ಒಪ್ಪಿದರೆ ಫಲಕದ ಮೇಲೆ ಇರಲಿ, ಕೊಟ್ಟದ್ದಕ್ಕೆ ಸಂಖ್ಯೆ ನಮೂದಿಸಿದ ಪಾವತಿ ಅವರ ಕೈಗೆ ಸಿಗಲಿ. ತಮ್ಮ ಕಲ್ಲು ಎಲ್ಲಿದೆ, ಅದರಿಂದ ಏನು ತಿಳಿಯಿತು ಎಂದು ಕೇಳುವ ಹಕ್ಕು ಅವರಿಗಿದೆ. ಸಂಶೋಧನೆಯ ಫಲ ಕನ್ನಡದಲ್ಲಿ ಆ ಊರಿಗೇ ಮೊದಲು ತಲುಪಬೇಕು.

ಲಕ್ಕುಂಡಿಯ ಬಯಲು ವಸ್ತುಸಂಗ್ರಹಾಲಯದ ಹೊಣೆ ಹೊತ್ತವರಲ್ಲಿ ನನ್ನ ಬೇಡಿಕೆ ಮೂರು. ಮೊದಲನೆಯದು, ಸಂಗ್ರಹಿಸಿದ ಪ್ರತಿ ವಸ್ತುವಿನ ಪಟ್ಟಿ, ಫೋಟೊ, ಸಿಕ್ಕ ಜಾಗದ ನಕ್ಷೆ ಕನ್ನಡದಲ್ಲಿ ಸಾರ್ವಜನಿಕರಿಗೆ ಸಿಗಲಿ. ಎರಡನೆಯದು, ಶಿಲ್ಪಗಳ ಜೊತೆಗೆ ಕಪ್ಪತಗುಡ್ಡದ ಶಿಲೆ ಮತ್ತು ಸಸ್ಯಗಳಿಗೆ, ಮಾಗಡಿ ಕೆರೆಯ ಹಕ್ಕಿಗಳಿಗೆ, ಎರೆಭೂಮಿಯ ಹತ್ತಿ ಮತ್ತು ಜೋಳದ ನಾಟಿ ತಳಿಗಳಿಗೆ, ಬೆಟಗೇರಿಯ ಕೈಮಗ್ಗಕ್ಕೆ, ಕಣಗಿನಹಾಳದ ಸಹಕಾರ ಚರಿತ್ರೆಗೆ ಅಲ್ಲಿ ಜಾಗ ಇರಲಿ. ಈ ನೆಲದ ಕಥೆ ಒಂದೇ, ಅದನ್ನು ಇಲಾಖೆಗಳ ಗೋಡೆಗಳು ಒಡೆಯಬಾರದು. ಮೂರನೆಯದು, ಖಾಯಂ ಸಂಶೋಧಕರು ಮತ್ತು ಸಂರಕ್ಷಕರು ನೇಮಕವಾಗಲಿ. ಧಾರವಾಡದ ವಿಶ್ವವಿದ್ಯಾಲಯಗಳ, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅದರ ಬಾಗಿಲು ತೆರೆದಿರಲಿ.

ಓದುಗರಲ್ಲೂ ಒಂದು ವಿನಂತಿ. ನಿಮ್ಮ ಊರಿನ ಹಳೆಯ ಕಲ್ಲು, ಬಾವಿ, ತಾಡೋಲೆ, ಸಂಘದ ಹಳೆಯ ಪುಸ್ತಕ ಕಣ್ಣಿಗೆ ಬಿದ್ದರೆ ಅದನ್ನು ಕದಲಿಸಬೇಡಿ, ತೊಳೆಯಬೇಡಿ, ಬಣ್ಣ ಬಳಿಯಬೇಡಿ. ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಜಾಗ, ತಾರೀಖು, ಹೇಳಿದವರ ಮಾತನ್ನು ಬರೆದುಕೊಳ್ಳಿ. ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಊರಿನ ಶಾಲೆಯಲ್ಲಿ ಒಂದು ದಾಖಲೆ ಪುಸ್ತಕ ತೆರೆಯಿಸಿ. 1905ರಲ್ಲಿ ಕಣಗಿನಹಾಳದ ರೈತರು ತಮ್ಮ ಖತಾವಣಿಯನ್ನು ತಾವೇ ಬರೆದರು. ಪ್ರತಿ ಊರೂ ತನ್ನ ನೆಲದ ಖತಾವಣಿಯನ್ನು ಈ ವರ್ಷವೇ ಬರೆಯಲು ಕೂರಬೇಕು.